ಐ.ಎನ್.ಜಿ. ಸಾಹೇಬರಿಗೊಂದು ಬಹಿರಂಗ ಅರ್ಜಿ

ಇವರಿಗೆ,
ಶ್ರೀಯುತ ಐ.ಎನ್.ಜಿ.ಯವರು,
ಕ್ರಿಯಾಪದಗಳ ಬಾಲ, ಇಂಗ್ಲಿಷ್ ವ್ಯಾಕರಣ.

ವಿಷಯ: ಏಳನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತಮ್ಮ ದೆಸೆಯಿಂದ ಕಳೆದುಕೊಂಡ ಅರ್ಧ ಅಂಕವನ್ನು ವಾಪಸು ಕೊಡಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಐದನೇ ತರಗತಿಗೆ ಎಬಿಸಿಡಿ ಕಂಡ ಕನ್ನಡ ಮಾಧ್ಯಮದ ಹುಡುಗ ನಾನು. ಏಳಕ್ಕೆ ಬರುವ ಹೊತ್ತಿಗೆ ಧೈರ್ಯ ಬಂದು, ‘ನಿಮ್ಮ ಕುಟುಂಬದ ಬಗ್ಗೆ ಬರೆಯಿರಿ’ ಎಂಬ ಪ್ರಶ್ನೆಗೆ ‘ಐ ಯಾಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂದು ಬರೆದೆ. ಮೇಷ್ಟ್ರು ‘ಹ್ಯಾವಿಂಗ್’ ಮೇಲೆ ಕೆಂಪು ಗೆರೆ ಎಳೆದರು. ಎಳೆದು ಸುಮ್ಮನಿರಲಿಲ್ಲ. ಇಡೀ ತರಗತಿಯ ಎದುರು ನಿಲ್ಲಿಸಿ, “ಊಟ ಹ್ಯಾವಿಂಗ್ ಅನ್ನಬಹುದು ಕಣೋ, ಅಕ್ಕಂದಿರನ್ನ ಹ್ಯಾವಿಂಗ್ ಅನ್ನಂಗಿಲ್ಲ. ಇಬ್ಬರನ್ನೂ ಕೂತ್ಕೊಂಡು ತಿಂತಾ ಇದ್ದೀಯೇನೋ?” ಎಂದರು. ಹುಡುಗಿಯರ ಬೆಂಚಿನಲ್ಲಿ ಎದ್ದ ನಗು ಇನ್ನೂ ನನ್ನ ಕಿವಿಯಲ್ಲಿದೆ. ‘ಮಾತೃಭಾಷೆಯ ಪ್ರಭಾವ’ ಎಂದು ಪಕ್ಕದಲ್ಲಿ ಷರಾ ಬೇರೆ.

ನನ್ನ ತಕರಾರು ಇರುವುದು ಆ ಷರಾದ ಬಗ್ಗೆ. ‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’ ಎನ್ನುವಲ್ಲಿ ತಮ್ಮ ಸುಳಿವು ಎಲ್ಲಿದೆ ಸ್ವಾಮಿ? ‘ಅಕ್ಕಂದಿರು ಇರುತ್ತಾ ಇದ್ದಾರೆ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ‘ಐ ಯಾಮ್ ನೋಯಿಂಗ್ ಹಿಮ್’ ಎಂದವನಿಗೂ ಇದೇ ಷರಾ ಬೀಳುತ್ತಿತ್ತು. ನಮ್ಮ ‘ಗೊತ್ತು’ ಎಷ್ಟು ಜಡ ಪದವೆಂದರೆ ಅದಕ್ಕೆ ‘ಉತ್ತ’ ಅಂಟಿಸಲು ಎರಡು ವರ್ಷದ ಕೂಸೂ ಹೋಗದು. ‘ಬೇಕು’ ಕೂಡ ಅದೇ ಜಾತಿ. ಈ ಪ್ರಕರಣಗಳಲ್ಲಿ ಕನ್ನಡ ನಿರಪರಾಧಿ ಎಂದು ದಯವಿಟ್ಟು ದಾಖಲಿಸಿಕೊಳ್ಳಿ.

ಎಲ್ಲ ಪ್ರಕರಣಗಳಲ್ಲೂ ಅಲ್ಲ, ಅದನ್ನೂ ಒಪ್ಪುತ್ತೇನೆ. ‘ಐ ಯಾಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್ ಸರ್’ ಎಂದು ನಾವು ಎದ್ದು ನಿಂತಾಗ ಮಾತಾಡುತ್ತಿದ್ದದ್ದು ಕನ್ನಡವೇ: ಅರ್ಥ ಆಗ್ತಾ ಇಲ್ಲ ಸಾರ್. ಹಾಗೆಯೇ ಫೋನಿನಲ್ಲಿ ಕೇಳಿಸ್ತಾ ಇಲ್ಲ, ಕತ್ತಲಲ್ಲಿ ಕಾಣಿಸ್ತಾ ಇಲ್ಲ. ಇಂಗ್ಲಿಷರಿಗೆ ಅರ್ಥವೆಂಬುದು ದೀಪದ ಸ್ವಿಚ್ಚು, ಹೊತ್ತಿದೆ ಇಲ್ಲವೇ ಆರಿದೆ, ನಡುವೆ ಏನೂ ಇಲ್ಲ. ನಮ್ಮಲ್ಲಿ ಅರ್ಥವನ್ನು ನಾವು ಮಾಡುವುದಿಲ್ಲ, ಅದು ನಮಗೆ ಆಗುತ್ತದೆ. ಒಲೆಯ ಮೇಲೆ ಅನ್ನ ಬೇಯ್ತಾ ಇರುವ ಹಾಗೆ, ತಲೆಯೊಳಗೆ ಅರ್ಥ ಆಗ್ತಾ ಇರುತ್ತದೆ. ಅರ್ಧ ಬೆಂದಾಗ ಮೇಷ್ಟ್ರು ಮುಚ್ಚಳ ತೆಗೆದು ಕೇಳಿದರೆ ಹುಡುಗ ಏನು ಹೇಳಬೇಕು? ‘ಅಂಡರ್‌ಸ್ಟ್ಯಾಂಡಿಂಗ್’ ಅಂತಲೇ ಹೇಳಬೇಕು. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಇಂಗ್ಲಿಷ್ ಇರಬಹುದು, ಸುಳ್ಳು ಮಾತ್ರ ಅಲ್ಲ.

ಹಾಗಾದರೆ ‘ಹ್ಯಾವಿಂಗ್’, ‘ನೋಯಿಂಗ್’ ಎಲ್ಲಿಂದ ಬಂದವು? ಕರಿಹಲಗೆಯಿಂದ. ಮೇಷ್ಟ್ರು ಬಾಗಿಲ ತನಕ ನಡೆದು, “ವಾಟ್ ಯಾಮ್ ಐ ಡೂಯಿಂಗ್?” ಎನ್ನುತ್ತಿದ್ದರು. ನಾವು ಒಕ್ಕೊರಲಿಂದ, “ಯೂ ಆರ್ ವಾಕಿಂಗ್!” ಕಿಟಕಿ ತೆರೆದರೆ ಓಪನಿಂಗ್, ಹಲಗೆ ಒರೆಸಿದರೆ ಕ್ಲೀನಿಂಗ್. ಆ ಕಾಲದ ಪಾಠಕ್ರಮವೇ ಹಾಗಿತ್ತು. ವಾಕ್ಯದ ಅಚ್ಚು ಮೊದಲು, ಅರ್ಥ ಆಮೇಲೆ. ತಿಂಗಳುಗಟ್ಟಲೆ ತಮ್ಮನ್ನು ಬಾಯಿಗೆ ತುರುಕಿದ ಮೇಲೆ ಎಲ್ಲ ಕ್ರಿಯಾಪದಕ್ಕೂ ತಾವೇ ಅಂಟಿಕೊಂಡಿರಿ. (1979ರಿಂದ 84ರವರೆಗೆ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ, ಅಚ್ಚನ್ನು ಬದಿಗಿಟ್ಟು ಮಕ್ಕಳಿಗೆ ನಕ್ಷೆ, ವೇಳಾಪಟ್ಟಿಗಳ ಒಗಟು ಬಿಡಿಸುವ ಕೆಲಸ ಕೊಟ್ಟು ಇಂಗ್ಲಿಷ್ ಕಲಿಸಿ ನೋಡಿದರು. ಜಗತ್ತು ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದು ಈಗಲೂ ಓದುತ್ತದೆ. ನಮ್ಮ ಶಾಲೆಗೆ ಅದರ ಗಾಳಿಯೂ ಬೀಸಲಿಲ್ಲ.)

ಇನ್ನು ತಮ್ಮ ಪೂರ್ವಾಪರ. ವಿಚಾರಿಸಿದಾಗ ತಿಳಿದದ್ದು, ತಾವು ಒಬ್ಬರಲ್ಲ, ಇಬ್ಬರು. ಹಳೆಯ ಇಂಗ್ಲಿಷಿನಲ್ಲಿ ಕೆಲಸದ ಹೆಸರಾಗಿ ‘ಉಂಗ್’, ‘ಇಂಗ್’ ಎಂಬ ಬಾಲವಿದ್ದವರು ಬೇರೆ, ಕೆಲಸ ಮಾಡುತ್ತಿರುವುದನ್ನು ಹೇಳುವ ‘ಎಂಡೆ’ ಎಂಬ ಬಾಲದವರು ಬೇರೆ. ನಡುಗಾಲದಲ್ಲಿ ಎಂಡೆಯವರು ಇಂಗ್‌ನವರ ವೇಷ ತೊಟ್ಟು ಒಂದೇ ಮನೆಯಲ್ಲಿ ಸಂಸಾರ ಹೂಡಿದರು. ಇಂಥ ವಂಶವೃಕ್ಷ ಇಟ್ಟುಕೊಂಡು ನನ್ನ ವಾಕ್ಯಕ್ಕೆ ಶುದ್ಧತೆಯ ಪಾಠ!

ಅದೂ ಹೋಗಲಿ. ಹ್ಯಾಮ್ಲೆಟ್ ನಾಟಕದಲ್ಲಿ ಪುಸ್ತಕ ಹಿಡಿದು ಅಡ್ಡಾಡುತ್ತಿರುವ ರಾಜಕುಮಾರನನ್ನು ಮುದುಕ ಪೊಲೋನಿಯಸ್ ಏನು ಓದುತ್ತಿದ್ದೀರಿ ಎಂದು ಕೇಳುತ್ತಾನೆ. ನಮ್ಮ ಮೇಷ್ಟ್ರ ಪ್ರಕಾರ ಅಲ್ಲಿ ‘ರೀಡಿಂಗ್’ ಬರಲೇಬೇಕು. ಷೇಕ್ಸ್‌ಪಿಯರ್ ಮಹಾಶಯರು ಬರೀ ‘ರೀಡ್’ ಹಾಕಿ ಮುಂದೆ ಹೋಗಿದ್ದಾರೆ. ನಮ್ಮ ಶಾಲೆಯಲ್ಲಿ ಓದಿದ್ದರೆ ಅವರಿಗೂ ಅರ್ಧ ಅಂಕ ಖೋತಾ. ‘ಮನೆ ಕಟ್ಟಲಾಗುತ್ತಿದೆ’ ಎನ್ನಲು ಆಗಿನವರು ‘ದ ಹೌಸ್ ಈಸ್ ಬಿಲ್ಡಿಂಗ್’ ಎನ್ನುತ್ತಿದ್ದರಂತೆ, ಮನೆ ತಾನೇ ಮೇಲೇಳುತ್ತಿರುವ ಹಾಗೆ. ‘ಈಸ್ ಬೀಯಿಂಗ್ ಬಿಲ್ಟ್’ ಎಂಬುದು 18ನೇ ಶತಮಾನದ ಕೊನೆಯ ಹೊತ್ತಿಗೆ ಬಂದ ಹೊಸ ಸೊಸೆ. ಅವಳ ವಿರುದ್ಧ ಅತ್ತೆಯರು ನೂರು ವರ್ಷ ಗೊಣಗಿದರು. ಅಮೆರಿಕದ ರಿಚರ್ಡ್ ಗ್ರಾಂಟ್ ವೈಟ್ 1870ರ ತಮ್ಮ ಪುಸ್ತಕದಲ್ಲಿ ಈ ಒಂದು ಪ್ರಯೋಗವನ್ನು ಬೈಯಲೆಂದೇ ಇಡೀ ಅಧ್ಯಾಯ ಮೀಸಲಿಟ್ಟರು. ಇವತ್ತು ಅದೇ ಸೊಸೆ ಇಲ್ಲದೆ ಯಾವ ಕಚೇರಿಯ ಪತ್ರವೂ ಹೊರಡುವುದಿಲ್ಲ.

ನಿಸ್ಸಿಂ ಎಜೆಕಿಯಲ್ ಮುಂಬಯಿಯಲ್ಲಿ ಕೂತು ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಎಂಬ ಪದ್ಯ ಬರೆದು ನಮ್ಮ ಇಂಗು ತಿಂದ ಇಂಗ್ಲಿಷನ್ನು ಚೆನ್ನಾಗಿ ಗೇಲಿ ಮಾಡಿದರು. ಕಾಲೇಜಿನಲ್ಲಿ ಅದನ್ನು ಓದಿಸಿದ ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಇನಫ್, ಐ ಯಾಮ್ ಹ್ಯಾವಿಂಗ್ ಹೆಡೇಕ್” ಎಂದು ಪುಸ್ತಕ ಮುಚ್ಚಿದರು. ಆಮೇಲೆ 2003ರಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ‘ಲವ್’ಗೇ ತಮ್ಮನ್ನು ಅಂಟಿಸಿ ಭೂಮಂಡಲವೆಲ್ಲ ಜಾಹೀರಾತು ಹಾಕಿತು. ಲವ್ ಎಂಬುದು ಮನಸ್ಸಿನ ಸ್ಥಿತಿ, ಅದಕ್ಕೆ ಇಂಗ್ ಸಲ್ಲದು ಎಂದು ನನಗೆ ಕಲಿಸಿದ ವ್ಯಾಕರಣ ಆಗ ಎಲ್ಲಿಗೆ ಹೋಗಿತ್ತು? ಬರ್ಗರ್ ಮಾರುವವನಿಗೆ ಒಂದು ನ್ಯಾಯ, ಅಕ್ಕಂದಿರಿರುವವನಿಗೆ ಇನ್ನೊಂದು.

ನಾವಾದರೂ ತಮ್ಮನ್ನು ಎಂದೂ ಹೀಗೆ ನಡೆಸಿಕೊಂಡಿಲ್ಲ. ಕಟಿಂಗ್ ಶಾಪ್‌ನಲ್ಲಿ ಕೂರಿಸಿದೆವು. ಬ್ಲೌಸಿನ ಸ್ಟಿಚಿಂಗ್‌ಗೆ ಕಳಿಸಿದೆವು. ರೈಲು ಅರಸೀಕೆರೆಯ ಹೊರಗೆ ಅರ್ಧ ಗಂಟೆ ನಿಂತರೆ “ಕ್ರಾಸಿಂಗ್ ಇದೆ” ಎಂದು ತಮ್ಮ ಹೆಸರು ಹೇಳಿಯೇ ಕಡಲೆಕಾಯಿ ಬಿಡಿಸಿದೆವು. ಪಕ್ಕದ ಮನೆಯ ಹುಡುಗ ಮುಖ ಊದಿಸಿದರೆ “ಫೀಲಿಂಗ್ ಆಗ್ಬಿಟ್ಟ” ಎಂದು ಕನ್ನಡದ ಕ್ರಿಯಾಪದಕ್ಕೆ ಮದುವೆ ಮಾಡಿಕೊಟ್ಟೆವು.

ತಾವು ಮಾತ್ರ ನಮ್ಮ ಪರವಾಗಿ ಒಂದೇ ಒಂದು ಸುಳ್ಳು ಹೇಳಿದ್ದೀರಿ, ಅದಕ್ಕೆ ಕೃತಜ್ಞತೆ ಸಲ್ಲಲೇಬೇಕು. ಬೆಳಿಗ್ಗೆ ಹತ್ತಕ್ಕೆ ಆಫೀಸಿನಿಂದ ಫೋನ್. ನಾನು ಟವೆಲ್ ಸುತ್ತಿಕೊಂಡು ಬಚ್ಚಲಮನೆ ಬಾಗಿಲಲ್ಲಿ ನಿಂತಿದ್ದೇನೆ. “ಕಮಿಂಗ್ ಸರ್, ಕಮಿಂಗ್, ಟ್ರಾಫಿಕ್ಕು!” ಮೂರು ಅಕ್ಷರಗಳ ಆ ಬಾಲ ಹಿಡಿದೇ ಬೆಂಗಳೂರು ನಡೆಯುತ್ತಿದೆ.

ಆದಕಾರಣ, ಸದರಿ ಅರ್ಧ ಅಂಕವನ್ನು ಬಡ್ಡಿ ಬಿಟ್ಟು, ಅಸಲು ಮಾತ್ರ ಮಂಜೂರು ಮಾಡಿಕೊಡಬೇಕೆಂದು ಕೋರುತ್ತೇನೆ. ‘ಪರಿಶೀಲಿಸಲಾಗುತ್ತಿದೆ’ ಎಂಬ ಒಂದು ಉತ್ತರ ಬಿಟ್ಟು ಬೇರೆ ಏನು ಬರೆದರೂ ಸರಿ.

ಇಂತಿ ತಮ್ಮ ವಿಧೇಯ,
ಒಬ್ಬ ಮಾಜಿ ವಿದ್ಯಾರ್ಥಿ

ಲಗತ್ತು: ಅರ್ಜಿದಾರನಿಗೆ ಇಬ್ಬರು ಅಕ್ಕಂದಿರು ಇರುವ ಬಗ್ಗೆ ಗ್ರಾಮ ಲೆಕ್ಕಾಧಿಕಾರಿಗಳ ಸಹಿಯುಳ್ಳ ವಂಶವೃಕ್ಷ, ಒಂದು ಪ್ರತಿ.