ಪಾರ್ಟಿ ಬರ್ಲತ್ತದ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದರಲ್ಲಿ ಯಾವ ಊರಿನ ಬಸ್ ಸ್ಟ್ಯಾಂಡಿನ ಎದುರು ಚಾ ಅಂಗಡಿಗೆ ಹೋದರೂ ಬೆಳಿಗ್ಗೆ ಹತ್ತರ ಹೊತ್ತಿಗೆ ಅವನು ಸಿಗುತ್ತಾನೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡು ಫೋನು, ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಬ್ಯಾಗಿನೊಳಗೆ ಯಾರ್ಯಾರದೋ ಪಹಣಿಯ ಜೆರಾಕ್ಸು. ಹೆಸರು ಊರಿಂದೂರಿಗೆ ಬೇರೆ, ಕರೆಯುವುದು ಮಾತ್ರ ಎಲ್ಲರೂ ‘ಕಾಕಾ’ ಎಂದೇ. ಉದ್ಯೋಗ ಏನೆಂದು ಸರ್ಕಾರ ಕೇಳಿದರೆ ಕೃಷಿ, ಬೀಗರು ಕೇಳಿದರೆ ಬಿಸಿನೆಸ್. ಚಾ ಅಂಗಡಿಯವನು ಕೇಳುವುದನ್ನು ಬಿಟ್ಟು ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಕಾಕಾನ ಬದುಕು ನಡೆಯುವುದು ಒಂದೇ ಒಂದು ಶಬ್ದದ ಮೇಲೆ. ಪಾರ್ಟಿ.

“ಪಾರ್ಟಿ ಬರ್ಲತ್ತದ.” “ಪಾರ್ಟಿ ಗಟ್ಟಿ ಅದ.” “ಪಾರ್ಟಿ ಠಂಡಾ ಆಗ್ಯದ.” “ಪಾರ್ಟಿ ಕೈ ಎತ್ಯದ.” ಕಾಕಾನ ವ್ಯಾಕರಣದಲ್ಲಿ ಪಾರ್ಟಿ ನಪುಂಸಕಲಿಂಗ. ಸೂಟು ಹಾಕಿಕೊಂಡ ಬಿಲ್ಡರಾದರೂ ಅಷ್ಟೆ, ಐದೆಕರೆ ಒಣಭೂಮಿ ಮಾರಲು ಬಂದ ಮುದುಕಿಯಾದರೂ ಅಷ್ಟೆ. ಆದರೆ ಬಯಾನಾ ಕೈಗೆ ಬಂದ ಗಳಿಗೆಗೆ ಲಿಂಗ ಬದಲಾಗುತ್ತದೆ: “ಸಾಹೇಬ್ರು ಬಂದಾರ.” ಚೆಕ್ ಬೌನ್ಸ್ ಆದರೆ ವಚನವೂ ಇಳಿಯುತ್ತದೆ: “ಆ ಮಗ ಎಲ್ಲಿ ಕುಂತಾನ?” ಒಬ್ಬನೇ ಮನುಷ್ಯ ಒಂದೇ ತಿಂಗಳಲ್ಲಿ ಅದು, ಅವರು, ಅವನು ಮೂರೂ ಆಗಬಲ್ಲ.

ಇಂಗ್ಲಿಷಿನವರು ಈ ಶಬ್ದವನ್ನು ಫ್ರೆಂಚರಿಂದ ತಂದುಕೊಂಡರು. ಬುಡದಲ್ಲಿ ಇರುವುದು ಭಾಗ ಮಾಡುವ ಅರ್ಥ. ಭಾಗವಾಗಿ ನಿಂತವರು ರಾಜಕೀಯ ಪಾರ್ಟಿಯಾದರು, ಕೋರ್ಟಿನಲ್ಲಿ ಎದುರುಬದುರು ನಿಂತವರೂ ಪಾರ್ಟಿಯಾದರು, ಕೂಡಿ ಉಂಡು ಕುಡಿಯುವವರೂ ಕೊನೆಗೆ ಪಾರ್ಟಿಯೇ ಆದರು. ನಮ್ಮ ‘ಪಕ್ಷ’ವೇನೂ ಕಡಿಮೆಯದಲ್ಲ. ಅದು ಹಕ್ಕಿಯ ರೆಕ್ಕೆಯೂ ಹೌದು, ಹದಿನೈದು ದಿನವೂ ಹೌದು, ವಿಧಾನಸೌಧದಲ್ಲಿ ಕೂರುವ ಗುಂಪೂ ಹೌದು. ಕಾಕಾ ಪಿತೃಪಕ್ಷದಲ್ಲಿ ಯಾವ ಪಾರ್ಟಿಯನ್ನೂ ಕರೆತರುವುದಿಲ್ಲ. ಹಿರಿಯರ ಹೊತ್ತಿನಲ್ಲಿ ಕೂಡಿಬಂದ ವ್ಯವಹಾರ ಮುರಿಯುತ್ತದೆಂದು ಅವನ ನಂಬಿಕೆ. ಉಳಿದ ಹೊತ್ತಿನಲ್ಲಿ ಮುರಿದದ್ದಕ್ಕೆ ಅವನ ಬಳಿ ಬೇರೆ ಕಾರಣಗಳಿವೆ.

ಶಬ್ದದ ಪೂರಾ ಉಪಯೋಗ ನೋಡಬೇಕೆಂದರೆ ಶಹಾಬಾದಿಗೆ ಹೋಗಬೇಕು. ಅಲ್ಲಿಯ ಕಾಕಾ ಫರ್ಸಿಯವನು. ನೆಲದಡಿ ಪದರು ಪದರಾಗಿ ಕೂತಿರುವ ಸುಣ್ಣಕಲ್ಲನ್ನು ಎಬ್ಬಿಸಿ, ಕಟ್ ಮಾಡಿಸಿ, ಪಾಲಿಶ್ ಹೊಡೆಸಿ ಕಳಿಸಿದರೆ ಅದು ಮಹಾರಾಷ್ಟ್ರದ ಅಡುಗೆಮನೆಗಳಲ್ಲಿ ‘ಶಹಾಬಾದಿ’ ಎಂದು ಊರ ಹೆಸರಲ್ಲೇ ಮಲಗುತ್ತದೆ. ಲೆಕ್ಕ ಬ್ರಾಸಿನಲ್ಲಿ. ಒಂದು ಬ್ರಾಸ್ ಎಂದರೆ 100 ಚದರಡಿ. ಖಣಿಯವನಿಗೆ ಕೊಳ್ಳುವವನು ಪಾರ್ಟಿ, ಕೊಳ್ಳುವವನಿಗೆ ಖಣಿಯವನು ಪಾರ್ಟಿ. ನಡುವೆ ಕಾಕಾ. ಇವನ ಹೆಸರು ಅವನಿಗೆ, ಅವನ ಹೆಸರು ಇವನಿಗೆ ತಿಳಿಯದಂತೆ ಕಾಯುವುದೇ ಅವನ ದಂಧೆ. ಇಬ್ಬರ ಫೋನ್ ನಂಬರೂ ಅದಲುಬದಲಾದವೋ, ಕಾಕಾನ ದಲಾಲಿ ಅಲ್ಲಿಗೆ ಮುಗಿಯಿತು.

“ಪಾರ್ಟಿ ಯಾವ ಊರದ್ದು ಕಾಕಾ?”

“ಮಹಾರಾಷ್ಟ್ರ ಕಡಿದು.”

“ಮಹಾರಾಷ್ಟ್ರ ಭಾಳ ದೊಡ್ಡದದ.”

“ಪಾರ್ಟಿನೂ ದೊಡ್ಡದೇ ಅದ.”

ಟೈಲ್ಸ್ ಬಂದು ಫರ್ಸಿಯ ಮಾರುಕಟ್ಟೆಗೆ ಹೊಡೆತ ಬಿದ್ದಿದೆ. ಆದರೆ ಕಾಕಾನಿಗೆ ಟೈಲ್ಸಿಗಿಂತ ತಾಂಡೂರಿನ ಭಯ ಹೆಚ್ಚು. ವಾಡಿಯಿಂದ ಹೈದರಾಬಾದಿಗೆ ಹೋಗುವ ಹಳಿಯನ್ನು ನಿಜಾಮರ ಸರ್ಕಾರ 1874ರಲ್ಲಿ ಹಾಕಿಸಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿದರೆ ಗಡಿಯಾಚೆ ತೆಲಂಗಾಣದ ತಾಂಡೂರು. ಅಲ್ಲಿಯೂ ಫರ್ಸಿ ಇದೆ, ಅಲ್ಲಿಯೂ ಒಬ್ಬ ಕಾಕಾ ಇದ್ದಾನೆ, ತೆಲುಗು ಮಾತಾಡುವವನು. ಮುಂಬೈ ಕಡೆಯಿಂದ ರೈಲಿನಲ್ಲಿ ಬರುವ ಪಾರ್ಟಿ ಶಹಾಬಾದಿನಲ್ಲಿ ಇಳಿಯದೆ ನಿದ್ದೆ ಹೋಯಿತೆಂದರೆ ಕಣ್ಣು ಬಿಡುವ ಹೊತ್ತಿಗೆ ಅವನ ಕೈಯೊಳಗೆ ಇರುತ್ತದೆ. ಅದಕ್ಕೇ ಕಾಕಾ ಸೊಲ್ಲಾಪುರ ಬಿಟ್ಟಾಗಿನಿಂದ ಅರ್ಧ ಗಂಟೆಗೊಮ್ಮೆ ಫೋನ್ ಹಚ್ಚುತ್ತಾನೆ. “ಸಾಹೇಬ್ರೆ, ಎದ್ದೀರಿ ಅಲಾ?”

ವಾಡಿಯಲ್ಲಿ ಸಿಮೆಂಟು. ಅಲ್ಲಿಯ ಕಾಕಾ ಲಾರಿಗೆ ಲೋಡು ಹೊಂದಿಸುವವನು. ಡ್ರೈವರನಿಗೆ ಇನ್ಸೂರೆನ್ಸ್ ವಿವರಿಸುವ ಭಾರವೂ ಅವನದೇ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ‘ಥರ್ಡ್ ಪಾರ್ಟಿ’ ವಿಮೆ ಇಲ್ಲದೆ ಗಾಡಿ ರಸ್ತೆಗಿಳಿಯುವ ಹಾಗಿಲ್ಲ. ಒಂದನೇ ಪಾರ್ಟಿ ಗಾಡಿ ಮಾಲೀಕ, ಎರಡನೆಯದು ವಿಮಾ ಕಂಪನಿ, ಮೂರನೆಯದು ಗಾಡಿ ಬಡಿಸಿಕೊಂಡ ಬಡಪಾಯಿ.

“ಥರ್ಡ್ ಪಾರ್ಟಿ ಅಂದ್ರ ದಳ ಅಲ್ಲೇನ್ರಿ ಕಾಕಾ?” ಎಂದ ಡ್ರೈವರ್.

ಕಾಕಾ ಸ್ವಲ್ಪ ಯೋಚಿಸಿ ಹೇಳಿದ, “ಹೊಡೆತ ತಿನ್ನೋದ್ರಾಗ ಇಬ್ರೂ ಒಂದೇ.”

ಕಂಪ್ಯೂಟರ್ ಮಾತ್ರ ಕಾಕಾನಿಗೆ ಒಗ್ಗಿಲ್ಲ. ಟ್ರಾನ್ಸ್‌ಪೋರ್ಟ್ ಆಫೀಸಿನ ಹುಡುಗ ಟ್ಯಾಲಿ ತೆರೆದು ಕೂತರೆ ಅದು ಮೊಟ್ಟಮೊದಲು ಕೇಳುವುದೇ ‘ಪಾರ್ಟಿ ಅಕೌಂಟ್ ನೇಮ್’. ಅದನ್ನು ಓದಿಸಿಕೊಂಡ ದಿನ ಕಾಕಾನಿಗೆ ಹೆಮ್ಮೆ. ತನ್ನ ಶಬ್ದ ಮಷಿನಿನೊಳಗೂ ಹೊಕ್ಕಿದೆಯಲ್ಲ! “ಪಾರ್ಟಿ ಅಂತೇ ಹೊಡಿ ತಮ್ಮಾ” ಎಂದ. ಹುಡುಗ ಒಪ್ಪಲಿಲ್ಲ. ಹೆಸರು ಬೇಕು, ಊರು ಬೇಕು, 15 ಅಕ್ಷರದ ಜಿಎಸ್‌ಟಿ ನಂಬರ್ ಬೇಕು. ಪಾರ್ಟಿಯ ಹೆಸರನ್ನು ಎಲ್ಲರೆದುರು ಹೇಳುವುದಕ್ಕಿಂತ ಆ ಬಿಲ್ಲೇ ಬೇಡವೆಂದು ಕಾಕಾ ಎದ್ದುಬಂದ. 2017ರ ಜುಲೈ 1ರ ನಂತರ ಇಂಥ ಎದ್ದುಬರುವಿಕೆಗಳು ಜಾಸ್ತಿಯಾಗಿವೆ.

ಚುನಾವಣೆ ಹತ್ತಿರ ಬಂದರೆ ಶಬ್ದ ಕಾಕಾನ ಹಿಡಿತ ತಪ್ಪುತ್ತದೆ. 2019ರ ಮಾರ್ಚಿನಲ್ಲಿ ಚಿಂಚೋಳಿಯ ಕಾಂಗ್ರೆಸ್ ಶಾಸಕ ಡಾ. ಉಮೇಶ ಜಾಧವ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಲೋಕಸಭೆಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನೇ ಸೋಲಿಸಿದರು, ಚಿಂಚೋಳಿಯ ಉಪಚುನಾವಣೆಯಲ್ಲಿ ಮಗ ಅವಿನಾಶ ಗೆದ್ದರು. ಅದೇ ಬಿಸಿಯಲ್ಲಿ ನಮ್ಮ ಕಾಕಾ ಚಾ ಅಂಗಡಿಯಲ್ಲಿ ಕೂತು ಫೋನಿನಲ್ಲಿ, “ಚಿಂಚೋಳಿ ಪಾರ್ಟಿ ಹೊಳ್ಳಿ ನಿಂತದ! ನಿನ್ನಿ ತನಕ ನಮ್ಮ ಕಡಿನೇ ಇತ್ತು, ರಾತ್ರಿ ಯಾರೋ ಹೆಚ್ಚಿಗಿ ಕೊಟ್ಟಾರ” ಎಂದ. ಸುಸಲಾ ತಿನ್ನುತ್ತಿದ್ದ ಎರಡು ಬೆಂಚು ಒಮ್ಮೆಗೇ ಎದ್ದು ನಿಂತವು. ಯಾರು ಕೊಟ್ಟರು, ಎಷ್ಟು ಕೊಟ್ಟರು, ನೀನು ಹೆಂಗ ನೋಡಿದಿ? ಅಂಗಿಯ ಕಾಲರಿಗೆ ಕೈ ಬಂದಾಗ ಕಾಕಾ ಒದರಿದ: “ಮೂರೆಕರಿ ಹೊಲದ ಮಾತ್ರಿ! ತೊಗರಿ ಹೊಲ!” ಪಹಣಿಯ ಜೆರಾಕ್ಸು ತೆಗೆದು ತೋರಿಸಿದ ಮೇಲೂ ಅರ್ಧ ಮಂದಿ ನಂಬಲಿಲ್ಲ.

ಹಳಬರಿಗೆ ಇಂಥದ್ದು ಹೊಸದಲ್ಲ. ಚಿಂಚೋಳಿಯವರೇ ಆದ ವೀರೇಂದ್ರ ಪಾಟೀಲರು 1968ರಲ್ಲಿ ಮುಖ್ಯಮಂತ್ರಿಯಾದಾಗ ಕಾಂಗ್ರೆಸ್ ಒಂದೇ ಇತ್ತು. ಮರುವರ್ಷ ಅದು ಒಡೆದಾಗ ಅವರು ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಜನತಾ ಪಾರ್ಟಿಯಿಂದ ಇಂದಿರಾ ಗಾಂಧಿಯವರ ಎದುರೇ ನಿಂತು ಸೋತರು. ಮುಂದೆ ಅದೇ ಇಂದಿರಾ ಕಾಂಗ್ರೆಸ್ ಸೇರಿ, 1989ರಲ್ಲಿ ಎರಡನೇ ಸಲ ಮುಖ್ಯಮಂತ್ರಿಯಾದರು. ಇದನ್ನೆಲ್ಲ ಕಾಕಾ ತನ್ನ ಭಾಷೆಯಲ್ಲಿ ಎರಡೇ ವಾಕ್ಯಕ್ಕೆ ಇಳಿಸುತ್ತಾನೆ: “ಮನುಷ್ಯ ಅವರೇ ಇದ್ರು. ಪಾರ್ಟಿ ಹೋಗಿ ಬಂದು ಮಾಡ್ತು.” ಇತಿಹಾಸದ ಮೇಷ್ಟ್ರುಗಳು ಇಷ್ಟು ಚುಟುಕಾಗಿ ಹೇಳಿದ್ದು ಕಡಿಮೆ.

ಗ್ರಾಮ ಪಂಚಾಯ್ತಿಯದು ಇನ್ನೊಂದು ಮಜಾ. ಕಾನೂನಿನ ಪ್ರಕಾರ ಅಲ್ಲಿ ರಾಜಕೀಯ ಪಕ್ಷಗಳ ಚಿಹ್ನೆ ನಡೆಯುವುದಿಲ್ಲ. ಆಟೊ ರಿಕ್ಷಾ, ಹೊಲಿಗೆ ಯಂತ್ರದಂಥ ಗುರುತುಗಳಲ್ಲೇ ನಿಲ್ಲಬೇಕು. ಅಂದರೆ ಪಾರ್ಟಿಯೇ ಇಲ್ಲದ ಚುನಾವಣೆ. ಆದರೆ ಊರೊಳಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವುದು, “ಎರಡು ಪಾರ್ಟಿ ಆಗ್ಯಾವ್ರಿ.” ಮ್ಯಾಲಿನ ಓಣಿ ಒಂದು, ಕೆಳಗಿನ ಓಣಿ ಒಂದು. ಮತದಾನದ ಹಿಂದಿನ ದಿನ ಸರ್ಕಾರಿ ಜೀಪಿನಲ್ಲಿ ಪೆಟ್ಟಿಗೆ ಹೊತ್ತ ‘ಪೋಲಿಂಗ್ ಪಾರ್ಟಿ’ ಇಳಿಯುತ್ತದೆ. ಆ ರಾತ್ರಿ ಹೊಲದ ಮನೆಯಲ್ಲಿ ನಡೆಯುವುದೂ ಪಾರ್ಟಿಯೇ. ಮೂರನ್ನೂ ಬಲ್ಲವನು ಕಾಕಾ ಒಬ್ಬನೇ. ಊಟಕ್ಕೆ ಮಾತ್ರ ಮೂರನೆಯದಕ್ಕೆ ಹೋಗುತ್ತಾನೆ.

ಮನೆಯಲ್ಲಿ ಕಾಕುಗೆ ಈ ಶಬ್ದದಿಂದ ಆದ ನಷ್ಟ ಬರೆದಿಟ್ಟವರಿಲ್ಲ. ಒಮ್ಮೆ ಸಂಜೆ ಫೋನ್ ಬಂತು: “ರಾತ್ರಿ ಮನಿಗಿ ದೊಡ್ಡ ಪಾರ್ಟಿ ಅದ, ನೋಡ್ಕೊ.” ಕಾಕು ಓಣಿಯ ಇಬ್ಬರನ್ನು ಕೂಡಿಸಿಕೊಂಡು ಒಂದು ಬುಟ್ಟಿ ಜೋಳದ ರೊಟ್ಟಿ ಬಡಿದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಎಣ್ಣಿ ಬದನಿಕಾಯಿ, ಮ್ಯಾಲೆ ಒಂದು ಕೊಪ್ಪರಿಗೆ ಸಾರು. ಒಂಬತ್ತಕ್ಕೆ ಕಾಕಾನ ಹಿಂದೆ ಬಂದದ್ದು ಒಬ್ಬನೇ ಒಬ್ಬ, ಸಣಕಲ ಮನುಷ್ಯ, ಸಕ್ಕರೆ ಕಾಯಿಲೆಯವನು. ಒಂದು ರೊಟ್ಟಿಯ ಅರ್ಧ ಮುರಿದು ತಿಂದು ಕೈ ತೊಳೆದ. ಮರುತಿಂಗಳು “ಪಾರ್ಟಿ ಬರ್ಲತ್ತದ” ಎಂದಾಗ ಕಾಕು ಬುದ್ಧಿ ಕಲಿತು ಎರಡೇ ರೊಟ್ಟಿ ಬಡಿದಳು. ಆ ದಿನ ಬಂದದ್ದು ಎರಡು ಜೀಪು. ಚಂದ್ರಂಪಳ್ಳಿ ಡ್ಯಾಮ್ ನೋಡಿಕೊಂಡು ಹಸಿದು ಬಂದವರು.

ಈಗ ಕಾಕಾನ ಮಗಳಿಗೆ ಗಂಡು ಹುಡುಕುವ ಕೆಲಸ ನಡೆದಿದೆ. ಅದಕ್ಕೂ ನಡುವೆ ಒಬ್ಬ ಇದ್ದಾನೆ, ಚಿತ್ತಾಪುರದವನು, ಕೈಯಲ್ಲಿ ಎಂಟು ಜೋಡಿ ಫೋಟೊ. ಮೊನ್ನೆ ತಹಸೀಲ್ ಕಚೇರಿಯ ಬೇವಿನ ಮರದಡಿ ಅವನು ಫೋನಿನಲ್ಲಿ ಗಂಡಿನ ಕಡೆಯವರ ಜೊತೆ ಮಾತಾಡುತ್ತಿದ್ದ. ಹಿಂದೆಯೇ ಕಟ್ಟೆಯ ಮೇಲೆ ಕಾಕಾ ಕೂತದ್ದು ಅವನಿಗೆ ಕಾಣಲಿಲ್ಲ.

“ಹುಡುಗಿ ಪಾರ್ಟಿ ಸೇಡಂದದ್ರಿ... ಹೂಂ, ಮ್ಯಾಲ್ ನೋಡ್ಲಿಕ್ಕ ಛಲೋ ಅದ... ದಂಧಾ? ಓಡಾಡ್ತದ್ರಿ, ಎರಡು ಫೋನ್ ಅವ... ಹೆಸರು ಈಗ ಬ್ಯಾಡ್ರಿ. ಹೆಸರು ಹೇಳಿದ್ರ ನೀವು ಸೀದಾ ಅವರ ಮನಿಗೇ ಹೋಗ್ತೀರಿ, ಮೊದಲು ನಂದೇನದ ಮುಗಿಸ್ರಿ.”

ಕಾಕಾ ಎದ್ದು ಬಂದು ಅವನ ಭುಜ ಮುಟ್ಟಿದ. ಅವನ ಮುಖ ಬಿಳುಚಿತು, ಫೋನು ಕೈಯಲ್ಲೇ ಉಳಿಯಿತು.

“ಎಲ್ಲಾ ಬರೋಬ್ಬರಿ ಹೇಳ್ದಿ ತಮ್ಮಾ,” ಎಂದ ಕಾಕಾ ದನಿ ತಗ್ಗಿಸಿ. “ಆದ್ರ ‘ಗಟ್ಟಿ ಅದ’ ಅನ್ನೋದೊಂದು ಬಿಟ್ಟಿ. ಅದನ್ನ ಮೊದಲ ಹೇಳು.”