ಅಜ್ಜಿಯ ಚೊಂಬಿನ ಜಾತಕ

ನಮ್ಮ ಹಾಸನದ ಕಡೆ ಪಾತ್ರೆಪಡಗದ ವಯಸ್ಸು ಕೇಳಿದರೆ ಯಾರೂ ಇಸವಿ ಹೇಳುವುದಿಲ್ಲ. "ಪ್ಲೇಗಿಗೆ ಊರು ಬಿಟ್ಟಾಗ ತಲೆ ಮೇಲೆ ಹೊತ್ತುಕೊಂಡು ಹೋಗಿದ್ದು" ಅನ್ನುತ್ತಾರೆ. "ಗೊರೂರು ಕಟ್ಟೆ ಕಟ್ಟೋಕೂ ಮುಂಚಿನದು" ಅನ್ನುತ್ತಾರೆ. ತೀರ ಒತ್ತಾಯ ಮಾಡಿದರೆ, "ನಿಮ್ಮಪ್ಪ ಇನ್ನೂ ಚಡ್ಡಿ ಹಾಕೋದು ಕಲಿತಿರಲಿಲ್ಲ, ಆಗಿಂದು." ಪ್ಲೇಗು ಮೈಸೂರು ಸೀಮೆಗೆ ಬಂದದ್ದು 1898ರಲ್ಲಿ, ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಚಡ್ಡಿಯ ವಿಷಯಕ್ಕೆ ದಾಖಲೆ ಇಲ್ಲ.

ಅರಕಲಗೂಡಿನ ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನ ಸಾಮಾನು ಪಾಲಾದಾಗ ನನಗೆ ಬಂದದ್ದು ಚೊಂಬು. ಗಾದೆ ಮಾತಲ್ಲ, ನಿಜವಾದ ಹಿತ್ತಾಳೆ ಚೊಂಬು. ಜೊತೆಗೆ ಸೇರು, ಪಾವು, ಚಟಾಕು, ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಒಂದು ಬೆಳ್ಳಿ ರೂಪಾಯಿ ಮತ್ತು ತಾತನ ಲೆಕ್ಕದ ಪುಸ್ತಕ. "ನ್ಯೂಜೆರ್ಸಿಯವಳು ಏನೂ ಕೇಳಲ್ಲ, ಪಾಪ" ಎಂದು ಹಾಸನದ ದೊಡ್ಡಪ್ಪ, ಚನ್ನರಾಯಪಟ್ಟಣದ ಅತ್ತೆ, ಮಾವನ ಮನೆಯ ಊರಾದ ಹೊಳೆನರಸೀಪುರಕ್ಕೇ ಸೇರಿಕೊಂಡ ಚಿಕ್ಕಪ್ಪ ಮೂವರೂ ಒಪ್ಪಿ ಕೊಟ್ಟರು. ಆಮೇಲೆ ಅವರು ಯಾವುದಕ್ಕೂ ಒಪ್ಪಲಿಲ್ಲ.

ಕೊಡುವಾಗ ಚೊಂಬಿಗೆ ಇನ್ನೂರು ವರ್ಷ ಎಂದರು ದೊಡ್ಡಪ್ಪ. ಅತ್ತೆ ಮುನ್ನೂರು ಮಾಡಿದರು. ಅದು ಶ್ರವಣಬೆಳಗೊಳದ್ದಂತೆ. ಬೆಳಗೊಳ ಹಿಂದೆ ಹಿತ್ತಾಳೆ ಪಾತ್ರೆಗೆ ಹೆಸರಾದ ಊರು ಎಂಬುದು ಸರಿ. ಅದು ಅತ್ತೆಯ ತಾಲ್ಲೂಕಿನಲ್ಲಿದೆ ಎಂಬುದು ಇನ್ನೂ ಸರಿ. ಇಬ್ಬರ ಹರಾಜು ಐನೂರಕ್ಕೆ ಏರುವ ಮೊದಲೇ ನಮ್ಮನೆಯವರು ಫೋನಿನಿಂದ ತಲೆ ಎತ್ತಿ ಕಾನೂನು ಓದಿದರು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ಹಿಂದಿನ ಕಾಲದ ಕಲೆ, ಕಸುಬು, ಧರ್ಮ, ರೂಢಿಯನ್ನು ತೋರಿಸುವ ಯಾವ ವಸ್ತುವಾದರೂ ನೂರು ವರ್ಷ ತುಂಬಿದ್ದರೆ ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಕೇಂದ್ರ ಸರ್ಕಾರ ಒಯ್ಯಬಹುದು. ಕೇಂದ್ರ ಸರ್ಕಾರಕ್ಕೆ ನಮ್ಮ ಚೊಂಬನ್ನು ಒಯ್ಯುವ ಇರಾದೆ ಇದ್ದಂತೆ ಕಾಣಲಿಲ್ಲ.

ಅಷ್ಟೇ, ಮುನ್ನೂರು ವರ್ಷದ ಚೊಂಬು ಎಲ್ಲರ ಕಣ್ಣೆದುರೇ ಹರೆಯಕ್ಕೆ ಬರತೊಡಗಿತು. "ಇನ್ನೂರು ಅಂದ್ರೆ ಮಾತಿಗೆ ಅಂದೆ ಕಣಮ್ಮ, ಎಂಬತ್ತು ಇರಬಹುದು" ಎಂದರು ದೊಡ್ಡಪ್ಪ. ಮೇಷ್ಟರಾಗಿ ನಿವೃತ್ತರಾದವರು, ಬಿಟ್ಟುಕೊಡುವವರಲ್ಲ: "ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕ ನೋಡಿಬಂದು ಪುಸ್ತಕ ಬರೆದು 1980ರಲ್ಲಿ ಅಕಾಡೆಮಿ ಪ್ರಶಸ್ತಿ ತಗೊಂಡ್ರು. ನೀನು ಇಷ್ಟು ವರ್ಷ ಅಲ್ಲೇ ಇದ್ದು ಒಂದು ಚೊಂಬು ಸಾಗಿಸಕ್ಕೆ ಆಗಲ್ವಾ?"

ಸಾಕ್ಷಿ ಬೇಕಿತ್ತು. ಪಾತ್ರೆ ಅಂಗಡಿಯವರು ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದುಕೊಡುತ್ತಿದ್ದರಲ್ಲ, ಅದೇ ನಮ್ಮ ಮನೆಗಳ ಶಾಸನ. ಚೊಂಬಿನ ಕಂಠದ ಕೆಳಗೆ ಬೆಳಕಿಗೆ ಹಿಡಿದರೆ "19" ಇದೆ, ಕೊನೆಯಲ್ಲಿ "1" ಇದೆ. ನಡುವಿನ ಅಂಕಿಯನ್ನು ಅಜ್ಜಿ ಶುಕ್ರವಾರ ಶುಕ್ರವಾರ ಹುಣಿಸೆಹಣ್ಣು ಹಾಕಿ ತಿಕ್ಕಿ ತೆಗೆದಿದ್ದಾರೆ. ಹಾಸನ ಜಿಲ್ಲೆಯ ಮನೆಗಳ ಚರಿತ್ರೆ ಹಾಳಾದದ್ದು ದಂಡಯಾತ್ರೆಗಳಿಂದಲ್ಲ, ಹುಣಿಸೆಹಣ್ಣಿನಿಂದ.

1911 ಆದರೆ ಕಾಯ್ದೆ ಅಡ್ಡ ಬರುತ್ತದೆ. "1951, ನಿನ್ನ ನಾಮಕರಣದ ಉಡುಗೊರೆ" ಎಂದು ಚಿಕ್ಕಪ್ಪ ದೊಡ್ಡಪ್ಪನಿಗೆ ಹೇಳಿದ್ದೇ, ದೊಡ್ಡಪ್ಪ ಚೊಂಬನ್ನು ಹೊಸ ಕಣ್ಣಿನಿಂದ ನೋಡಿದರು. ಹಾಗಾದರೆ ಅದು ಅವರದೇ ಆಯಿತಲ್ಲ! ಅತ್ತೆ ತಕ್ಷಣ 1931 ಎಂದು ತೀರ್ಪು ಕೊಟ್ಟರು. ಕಾಯ್ದೆಗೂ ಸಿಕ್ಕುವುದಿಲ್ಲ, ಆಗ ಹುಟ್ಟಿ ಹಕ್ಕು ಕೇಳುವವರೂ ಈಗ ಯಾರೂ ಇಲ್ಲ.

ಸೇರು ಪಾವುಗಳದು ಸುಲಭವಾಯಿತು. 1956ರ ಕಾಯ್ದೆಯ ಹಿಂದೆಯೇ ಲೀಟರು, ಕಿಲೋ ಬಂದು ಇವುಗಳ ನೌಕರಿ ಹೋಯಿತು. ತಳದಲ್ಲಿ ಸರ್ಕಾರದ ಮುದ್ರೆಯೂ ಇತ್ತು. ಬೆಳ್ಳಿ ರೂಪಾಯಿ ಮಾತ್ರ ಮಧ್ಯಾಹ್ನವನ್ನೆಲ್ಲ ನುಂಗಿತು. ಐದನೇ ಜಾರ್ಜ್ ದೊರೆಯ 1911ರ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲೆ ಕೆತ್ತಿದ ಆನೆ ಹಂದಿಯ ಹಾಗೆ ಕಾಣುತ್ತದೆಂದು ಜನ ಗಲಾಟೆ ಮಾಡಿ, ಸರ್ಕಾರ ನಾಣ್ಯ ವಾಪಸ್ ತೆಗೆದುಕೊಂಡು ಕರಗಿಸಿ, ಮರುವರ್ಷ ಆನೆಗೆ ಸರಿಯಾದ ಸೊಂಡಿಲು ಕೊಟ್ಟಿತ್ತು. ಕರಗದೆ ಉಳಿದ ಹಂದಿಗೆ ನಾಣ್ಯ ಸಂಗ್ರಹಿಸುವವರಲ್ಲಿ ಬೆಲೆ ಹೆಚ್ಚು. ಇಸವಿ ಎಂದಿನಂತೆ ಹುಣಿಸೆಹಣ್ಣಿನ ಪಾಲು. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ದೊಡ್ಡಪ್ಪನಿಗೆ ಆನೆ ಕಂಡಿತು. ನಮ್ಮನೆಯವರಿಗೆ ಹಂದಿ ಕಂಡಿತು. ಚಿಕ್ಕಪ್ಪನಿಗೆ ನಾಯಿ ಕಂಡಿತು. ಲಕ್ಷ್ಮೀ ಪೂಜೆಯ ರೂಪಾಯಿಯನ್ನು ಹಂದಿ ಅಂದವರ ಮೇಲೆ ಅತ್ತೆ ರೇಗಿ, ಅದನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಇವತ್ತಿಗೂ ಅಲ್ಲಿಂದ ಹೊರಗೆ ಬಂದಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪನ ಮಗ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದ: "ಅಕ್ಕ, ಚೊಂಬು ಅಕ್ಕಿ ಎಳೆಯುತ್ತಾ ನೋಡಿದ್ರಾ?" ರೈಸ್ ಪುಲ್ಲಿಂಗ್! ಸಿಡಿಲು ಬಡಿದ ಚೊಂಬು, ಅಕ್ಕಿ ಕಾಳನ್ನು ಸೆಳೆಯುತ್ತದೆ, ವಿದೇಶದಲ್ಲಿ ಕೋಟಿಗಟ್ಟಲೆ ಬೆಲೆ ಎಂದು ನಂಬಿಸಿ ದುಡ್ಡು ಹೊಡೆಯುವ ದಂಧೆ. ಪೊಲೀಸರು ಇವರನ್ನು ಹಿಡಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. "ಅದು ತಾಮ್ರದ್ದು ಕಣೋ, ಇದು ಹಿತ್ತಾಳೆ" ಎಂದೆ. "ಒಳಗೆ ಇರಿಡಿಯಂ ಇರಬಹುದು ಅಕ್ಕ" ಎಂದ. ಒಂದು ಹಿಡಿ ಅಕ್ಕಿ ಹರಡಿ ನೋಡಿದೆವು. ಬಂದದ್ದು ಕೋಳಿ. "ಇದು ಸೊಸೈಟಿ ಅಕ್ಕಿ, ಅಲ್ಲಿ ಹೋಗಿ ಬಾಸ್ಮತಿ ಇಟ್ಟು ನೋಡಿ" ಎಂದು ಆಸೆ ಬಿಡದೆ ಹೇಳಿದ.

ಅಮೆರಿಕದವರಿಗೆ ನಮ್ಮ ವಸ್ತು ಗುರುತು ಸಿಗುವುದಿಲ್ಲ ಎಂದೇನಿಲ್ಲ. ಬಾಣಂತನಕ್ಕೆ ಬಂದಾಗ ಅಮ್ಮ ತಂದ ಬೆಳ್ಳಿ ಒಳಲೆಯನ್ನು ಲ್ಯಾಂಬರ್ಟ್‌ವಿಲ್ಲಿನ ಒಬ್ಬ ಹಳೇ ಸಾಮಾನಿನ ವ್ಯಾಪಾರಿಗೆ ತೋರಿಸಿದ್ದೆ. ಕೈಗೆ ತೆಗೆದುಕೊಂಡವನೇ, ಕೂಸಿಗೆ ಕುಡಿಸುವ ಪಾತ್ರೆ, ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಇಂಥದಕ್ಕೆ ಪ್ಯಾಪ್ ಬೋಟ್ ಅನ್ನುತ್ತಿದ್ದರು ಎಂದುಬಿಟ್ಟ. ಅದರಲ್ಲೇ ಬಜೆ ತೇಯ್ದು ಕುಡಿಸಿಕೊಂಡು ಬೆಳೆದ ನನ್ನ ಮಗ ಈಗ ಅದರಲ್ಲಿ ಪ್ಯಾನ್‌ಕೇಕಿಗೆ ಮೇಪಲ್ ಸಿರಪ್ ಸುರಿದುಕೊಳ್ಳುತ್ತಾನೆ.

ಕೊನೆಗೆ ಉಳಿದದ್ದು ತಾತನ ಲೆಕ್ಕದ ಪುಸ್ತಕ. ಮೊದಲ ಪುಟದಲ್ಲಿ ತಾರಣ ಸಂವತ್ಸರ ಎಂದಿದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು 1884 ಇರಬೇಕು, 1944 ಇರಬೇಕು, ಇಲ್ಲವೇ 2004. ಮೊದಲನೆಯದರಲ್ಲಿ ತಾತ ಹುಟ್ಟಿರಲಿಲ್ಲ, ಮೂರನೆಯದರಲ್ಲಿ ಇರಲಿಲ್ಲ. ಅಲ್ಲಿಗೆ 1944. ನಮ್ಮನೆಯವರು ಮತ್ತೆ ಫೋನು ತೆಗೆದರು: ಹಸ್ತಪ್ರತಿಗೆ ನೂರು ವರ್ಷ ಬೇಡವಂತೆ, ಎಪ್ಪತ್ತೈದೇ ಸಾಕು, ಆದರೆ ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯ ಇರಬೇಕು. ದೊಡ್ಡಪ್ಪ ಎದೆ ಸೆಟೆಸಿದರು. "ಎರಡನೇ ಮಹಾಯುದ್ಧದ ಕಾಲದ ಮೈಸೂರು ಸೀಮೆಯ ಆರ್ಥಿಕ ಚರಿತ್ರೆ ಇದು! ದೇಶ ಬಿಟ್ಟು ಹೋಗಬಾರದು!" ಎಂದು ಗಟ್ಟಿಯಾಗಿ ಓದತೊಡಗಿದರು.

ನರಸೀಪುರದವರು, ಅಂದರೆ ಚಿಕ್ಕಮ್ಮನ ತಾತ, ಮೂರು ಪಲ್ಲ ರಾಗಿ ಕಡ ಒಯ್ದಿದ್ದರು. ಎದುರಿಗೆ ತಾತನ ಕೈಬರಹ: ಬಂದಿಲ್ಲ. ಪಟ್ಟಣದವರು, ಅಂದರೆ ಅತ್ತೆಯ ಮಾವನವರು, ಎತ್ತು ಕೊಳ್ಳಲು ಎಂಬತ್ತು ರೂಪಾಯಿ. ಬಂದಿಲ್ಲ. ಚಿಕ್ಕಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ದೊಡ್ಡಪ್ಪ ಖುಷಿಯಿಂದ ಪುಟ ಮಗುಚಿದರು, ಓದು ನಿಲ್ಲಿಸಿದರು, ಕನ್ನಡಕ ತೆಗೆದರು.

"ಮೌಲ್ಯ ಅಂಥದ್ದೇನಿಲ್ಲ" ಎಂದರು. "ಭಾಷೆಯೂ ಸಪ್ಪೆ."

ಎಲ್ಲರೂ ಹೌದೆಂದರು. ಅತ್ತೆ ಖುದ್ದಾಗಿ ಪುಸ್ತಕವನ್ನು ನನ್ನ ಸೂಟ್‌ಕೇಸಿನ ತಳಕ್ಕೆ ಸೇರಿಸಿ, ಮೇಲೆ ಚಟ್ನಿಪುಡಿ ಹೇರುತ್ತಾ, "ಅಲ್ಲಿ ಕನ್ನಡ ಓದೋರು ಜಾಸ್ತಿ ಏನಿಲ್ಲ ಅಲ್ವಾ?" ಎಂದರು.

"ಅಯ್ಯೋ, ಬೇಕಾದಷ್ಟು ಜನ ಇದ್ದಾರೆ ಅತ್ತೆ. ನಮ್ಮ ಕನ್ನಡ ಕೂಟದಲ್ಲಿ ಅರ್ಧಕ್ಕರ್ಧ ಹಾಸನದವರೇ."

ಅತ್ತೆ ಚಟ್ನಿಪುಡಿ ಕೆಳಗಿಟ್ಟು ಪುಸ್ತಕ ಹೊರಗೆಳೆದರು. "ಬಚ್ಚಲ ಒಲೆಗೆ ಸೌದೆ ಹಸಿ ಇದೆ, ಹತ್ತಿಕೊಳ್ತಾನೇ ಇಲ್ಲ" ಎನ್ನುತ್ತಾ ಹಿತ್ತಲ ಕಡೆ ನಡೆದರು. ಅವರ ಹಿಂದೆಯೇ ಚಿಕ್ಕಪ್ಪ ಬೆಂಕಿಪೊಟ್ಟಣ ಹಿಡಿದು ಹೊರಟರು. ನಾನು ಓಡಿದೆ.