ಗೇಟು ತೆಗೆದವರು ಯಾರು?

ನಿವೃತ್ತನಾದ ಗಂಡಸಿನ ಕೈಗೆ ಸ್ಕ್ರೂಡ್ರೈವರ್ ಸಿಗಬಾರದು ಎನ್ನುವುದು ನಮ್ಮನೆಯವಳ ಖಚಿತ ಅಭಿಪ್ರಾಯ. ಬ್ಯಾಂಕು ಬಿಟ್ಟ ಮೇಲೆ ನಾನು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ ಮೂರನ್ನೂ ರಿಪೇರಿ ಮಾಡಿದ್ದೇನೆ. ಮೂರನ್ನೂ ಹೊಸದಾಗಿ ಕೊಂಡಿದ್ದೇವೆ. ಹೀಗಿರುವಾಗ, ನಾನು ವಾರಕ್ಕೆರಡು ದಿನ ಬಿಟ್ಟಿ ಚಾಕರಿ ಮಾಡುವ ಸಮುದಾಯ ರೇಡಿಯೊದವರು ತಮ್ಮ ಆಡಿಯೊ ಪ್ರೊಸೆಸರನ್ನು ನನ್ನ ವಶಕ್ಕೆ ಕೊಟ್ಟದ್ದು ಅವರ ಗ್ರಹಚಾರ.

ತೊಂದರೆ ಇದ್ದದ್ದು ನಿಜ. ನಮ್ಮ ಕೇಂದ್ರದ ದನಿ ಬಾವಿಯೊಳಗೆ ಬಿದ್ದವರು ಕೂಗಿದ ಹಾಗೆ ಕೇಳುತ್ತಿತ್ತು. ಸಮುದಾಯ ರೇಡಿಯೊಗೆ ಸಿಗುವುದು 100 ವ್ಯಾಟ್, ನಮ್ಮ ಹಳೇ ನಡುಮನೆಯ ಬಲ್ಬಿನಷ್ಟು. ಅದಕ್ಕೇ ಸದ್ದು ಕಮ್ಮಿ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ವ್ಯಾಟ್ ಹೆಚ್ಚಿದರೆ ದನಿ ದೂರ ಹೋಗುತ್ತದೆಯೇ ಹೊರತು ಜೋರಾಗುವುದಿಲ್ಲ. ಎಫ್‌ಎಂನಲ್ಲಿ ದೊಡ್ಡವರಿಗೂ ಬಡವರಿಗೂ ಆಚೆ 75, ಈಚೆ 75 ಕಿಲೋಹರ್ಟ್ಸ್ ಎಂದು ಒಂದೇ ಬೇಲಿ. ಅದರೊಳಗೆ ಸದ್ದನ್ನು ಎಷ್ಟು ಒತ್ತಾಗಿ ತುಂಬುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುವ ಆ ಕೆಲಸಕ್ಕೇ ಪ್ರೊಸೆಸರ್ ಇರುವುದು.

ಆಂಟೆನಾ ಕೇಬಲ್ ಬದಲಿಸಲು ಎರಡು ದಿನ ಪ್ರಸಾರ ನಿಂತಿತ್ತು. 19 ಇಂಚು ಅಗಲದ ಪೆಟ್ಟಿಗೆಯನ್ನು ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಮನೆಗೆ ತಂದು ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ.

“ಇದೇನ್ರೀ, ಮನೇಲೇ ರೇಡಿಯೊ ಸ್ಟೇಷನ್ನಾ?” ಎಂದಳು.

ಮೈಸೂರಿನವನಿಗೆ ಈ ಪ್ರಶ್ನೆ ಕೇಳಬಾರದು. “ಇದೇ ಊರಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ಪ್ರಸಾರ ಮಾಡಿದವರು, ‘ಆಕಾಶವಾಣಿ’ ಅನ್ನೋ ಹೆಸರು ಅಲ್ಲಿಂದಲೇ...”

“ಅವರು ಊಟದ ಮೇಜಿನ ಮೇಲೆ ಇಟ್ಟಿದ್ರಾ?”

ಇತಿಹಾಸದಲ್ಲಿ ಇದಕ್ಕೆ ಉತ್ತರವಿಲ್ಲದ್ದರಿಂದ ನಾವು ಎರಡು ದಿನ ನೆಲದ ಮೇಲೆ ಊಟ ಮಾಡಿದೆವು.

ಪರೀಕ್ಷೆಗೆ ಅಮ್ಮನ ಗೊಜ್ಜವಲಕ್ಕಿ ಇತ್ತು. ಅಂದರೆ ಅಡುಗೆ ಕಾರ್ಯಕ್ರಮಕ್ಕೆಂದು ಹಿಂದಿನ ವಾರ ನಾನೇ ನಡುಮನೆಯಲ್ಲಿ ಮಾಡಿದ ಧ್ವನಿಮುದ್ರಣ. ರೆಕಾರ್ಡರನ್ನು ಪೆಟ್ಟಿಗೆಗೆ ಸಿಕ್ಕಿಸಿ, ಪೆಟ್ಟಿಗೆಯನ್ನು ಹಳೇ ಸ್ಪೀಕರಿಗೆ ಸಿಕ್ಕಿಸಿದೆ. ಅಮ್ಮನ ಪ್ರತಿ ‘ಸ’ಕಾರವೂ ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಚುಂಯ್ ಅಂದಿತು. ಎಫ್‌ಎಂನಲ್ಲಿ ಕೀರುದನಿಯನ್ನು ಬೇಕೆಂದೇ ಏರಿಸಿ ಕಳಿಸುತ್ತಾರೆ, ಕೇಳುಗರ ರೇಡಿಯೊ ಅದನ್ನು ಇಳಿಸಿಕೊಳ್ಳುತ್ತದೆ; ನಾನು ಇಳಿಸದೆಯೇ ಕೇಳುತ್ತಿದ್ದೆ. ಸಾಲದ್ದಕ್ಕೆ ಈ ಏರಿಕೆಯ ಅಳತೆ ಪೆಟ್ಟಿಗೆಯಲ್ಲಿ ಅಮೆರಿಕದ ಲೆಕ್ಕದಂತೆ 75 ಮೈಕ್ರೊಸೆಕೆಂಡಿನಲ್ಲಿತ್ತು. ನಮ್ಮ ದೇಶದ್ದು 50. ಬದಲಿಸಿದೆ. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ, ಹಾಗಾಗಿ ಇಲ್ಲಿ ದಾಖಲಿಸಿದ್ದೇನೆ.

ಇನ್ನು ಇನ್‌ಪುಟ್ ಗೇನ್. ಒಳಬರುವ ಸದ್ದು ಏರಿದರೆ ತಗ್ಗಿಸಿ, ಇಳಿದರೆ ಎತ್ತುವ ಎಜಿಸಿ ಎಂಬ ಭಾಗ ಪೆಟ್ಟಿಗೆಯ ಬಾಗಿಲಲ್ಲೇ ಕೂತಿರುತ್ತದೆ. ಮಾಮೂಲಿ ಮಾತಿಗೆ ಅದು ಸುಮಾರು 10 ಡೆಸಿಬೆಲ್ ತಗ್ಗಿಸುತ್ತಿರುವಂತೆ ಇನ್‌ಪುಟ್ ಇಡಿ ಎನ್ನುತ್ತದೆ ಕೈಪಿಡಿ. ಬೇರೆಯವರಿಗೆ ಇದು ಒಗಟು, ನನಗಲ್ಲ. ಇದು ಅಪ್ಪಟ ಉಳಿತಾಯ ಖಾತೆ: ಕೈಯಲ್ಲಿ ಹತ್ತು ಹಿಡಿದಿಟ್ಟುಕೊಂಡಿದ್ದರೆ ತಾನೇ, ಮಾತು ಮೆತ್ತಗಾದಾಗ ಅದರಲ್ಲಿ ನಾಲ್ಕು ಬಿಡಿಸಿ ಕೊಡಲು ಆಗುವುದು? ನನ್ನ ಮೀಟರು ಸೊನ್ನೆಯಲ್ಲಿತ್ತು. ಖಾತೆ ಖಾಲಿ.

ಗುಂಡಿಯನ್ನು ಪೂರ್ತಿ ತಿರುಗಿಸಿದೆ. ಅಮ್ಮನ ದನಿ ಚುನಾವಣಾ ಪ್ರಚಾರದ ಆಟೊದಿಂದ ಬಂದಂತೆ ಒಡೆಯಿತು. ಒಳಬಾಗಿಲಲ್ಲೇ ತಲೆ ಕತ್ತರಿಸಿಕೊಂಡು ಬಂದ ಸದ್ದಿಗೆ ಮುಂದೆ ಇರುವ ಕಂಪ್ರೆಸರು, ಲಿಮಿಟರು ಯಾವುದೂ ತಲೆ ಅಂಟಿಸಲಾರವು. “ತಳ ಹತ್ತಿದ ಹುಳಿಗೆ ಎಷ್ಟು ಒಗ್ಗರಣೆ ಕೊಟ್ರೂ ಅಷ್ಟೇ” ಎಂದು ಅಡುಗೆಮನೆಯಿಂದ ತಾಂತ್ರಿಕ ಸಲಹೆ ಬಂತು. ಕೇಳದವನಂತೆ ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹಿಂದಕ್ಕೆ ತಂದು, ಮೀಟರು ಹತ್ತಕ್ಕೆ ಬಂದಾಗ ಕೈಮುಗಿದೆ.

ಅಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ‘ಗೇಟ್’ ಎಂಬ ಇನ್ನೊಂದು ಸೆಟ್ಟಿಂಗ್ ಕಣ್ಣಿಗೆ ಬಿತ್ತು. ಗೇಟು ಎಂದರೆ ತಡೆ. ಅಮ್ಮನ ಮೆಲುಮಾತು ಅದಕ್ಕೆ ಸಿಕ್ಕಿ ತುಂಡಾದೀತೆಂದು ತೆಗೆದುಹಾಕಿದೆ. ಮಾತು ನಿಂತಾಗ ಗೇನ್ ಮೇಲೇರದಂತೆ ಇದ್ದಲ್ಲೇ ಹಿಡಿದು ನಿಲ್ಲಿಸುವ ಕಾವಲುಗಾರ ಅದು ಎಂಬುದು ಕೈಪಿಡಿಯ ಮುಂದಿನ ಪುಟದಲ್ಲಿತ್ತು. ನಾನು ಮುಂದಿನ ಪುಟ ಓದುವ ಜಾತಿಯವನಲ್ಲ.

ಮತ್ತೂ ಒಂದು ಮರೆತಿದ್ದೆ. ಮನೆಬಳಕೆಯ ರೆಕಾರ್ಡರು ಕೊಡುವುದು ಸುಮಾರು 0.3 ವೋಲ್ಟ್. ಸ್ಟುಡಿಯೊದ ಮಿಕ್ಸರು ಕೊಡುವುದು 1.23. ಡೆಸಿಬೆಲ್ಲಿನಲ್ಲಿ 12ರ ಅಂತರ. ಸೋಮವಾರ ಪೆಟ್ಟಿಗೆಯನ್ನು ಮನೆಯ ಲೆಕ್ಕದಲ್ಲೇ ಕೇಂದ್ರಕ್ಕೆ ಜೋಡಿಸಿ, ಮೀಟರು 22ರ ಹತ್ತಿರ ಓಲಾಡುವುದನ್ನು ನೋಡಿ, ‘ಆಹಾ, ಎಷ್ಟು ಕಷ್ಟಪಡ್ತಿದೆ’ ಎಂದು ಮೆಚ್ಚಿ ಮನೆಗೆ ಬಂದೆ.

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಗೊಜ್ಜವಲಕ್ಕಿ. ಎದುರುಮನೆಯವರನ್ನೂ ಕೂರಿಸಿಕೊಂಡಿದ್ದೆವು. ದನಿ ಗಂಟೆಯಂತೆ ಬಂತು. ನಾನು ಕಾಲಮೇಲೆ ಕಾಲು ಹಾಕಿದೆ. ಅಮ್ಮ ರೇಡಿಯೊದಲ್ಲಿ “ಈಗ ಹುಣಸೆಹಣ್ಣು ಸ್ವಲ್ಪ ನೆನೀಲಿ” ಎಂದಳು. ಅಮ್ಮ ಸತ್ಯವಂತೆ, ಅದು ನೆನೆಯುವವರೆಗೆ ನಿಜವಾಗಿ ಸುಮ್ಮನೆ ಕೂತಿದ್ದಳು. ಆ ಮೌನವನ್ನು ಕತ್ತರಿಸುವುದು ನನ್ನ ಕೆಲಸವಾಗಿತ್ತು.

ಮಾತಿಲ್ಲದ ಜಾಗದಲ್ಲಿ ಎಜಿಸಿ ಹಿಡಿದಿಟ್ಟಿದ್ದ 22 ಡೆಸಿಬೆಲ್ಲನ್ನೂ ಮೆಲ್ಲಮೆಲ್ಲಗೆ ಬಿಟ್ಟುಕೊಟ್ಟಿತು. ಮೊದಲು ಫ್ಯಾನು ಎದ್ದಿತು. ಆಮೇಲೆ ಒಂದು ಕಾಗೆ. ಆಮೇಲೆ ಕುಕ್ಕರಿನ ಸುಯ್ಲು. ಅದರ ಹಿಂದಿನಿಂದ, ಎರಡು ಗೋಡೆಯಾಚೆ ತಂಗಿಯೊಡನೆ ಫೋನಿನಲ್ಲಿದ್ದ ನಮ್ಮನೆಯವಳ ಕಂಠ, ವಾರ್ತೆ ಓದುವವರಷ್ಟು ಸ್ಪಷ್ಟವಾಗಿ:

“ಗ್ಯಾಸ್ ರೆಗ್ಯುಲೇಟರ್ ತಿರುಗಿಸೋಕೆ ಬರಲ್ಲ ಕಣೇ ಇವರಿಗೆ, ರೇಡಿಯೊ ಸ್ಟೇಷನ್ ತಿರುಗಿಸ್ತಾರಂತೆ! ಮೊನ್ನೆ ಸಿಲಿಂಡರ್ ಹಾಕಿಕೊಟ್ಟಿದ್ದು ಎದುರುಮನೆ ಹುಡುಗ...”

“ಬೆಲ್ಲ ಪುಡಿಮಾಡ್ಕೊಳ್ಳಿ” ಎಂದಳು ಅಮ್ಮ. ಪ್ರೊಸೆಸರು ಬೆಚ್ಚಿ ಗೇನ್ ಇಳಿಸಿತು. ಹೆಂಡತಿ, ಕಾಗೆ, ಫ್ಯಾನು ಎಲ್ಲ ಮಾಯ.

ಎದುರುಮನೆಯವರು ಚಾವಣಿ ನೋಡಿದರು. ನಮ್ಮನೆಯವಳು ಒಂದು ಕ್ಷಣ ತಡೆದು, “ಅಲ್ರೀ, ನನ್ ದನಿ ಅತ್ತೆ ದನಿಗಿಂತ ಚೆನ್ನಾಗಿ ಬಂದಿದೆ ಅಲ್ವಾ?” ಎಂದಳು.

ಮಧ್ಯಾಹ್ನವೇ ಹೋಗಿ ಇನ್‌ಪುಟ್ಟನ್ನು 12 ಇಳಿಸಿ, ಗೇಟು ಹಾಕಿ ಬಂದೆ. ಮರುದಿನ ಬೆಳಗ್ಗೆ ಸೊಪ್ಪಿನವನು ಎರಡು ಕಟ್ಟು ದಂಟು ಕೊಟ್ಟು, ಚಿಲ್ಲರೆ ಎಣಿಸುತ್ತಾ, ತೀರಾ ಮೆಲ್ಲಗೆ ಹೇಳಿದ:

“ಸಾರ್, ಸಿಲಿಂಡರ್ ಖಾಲಿಯಾದ್ರೆ ಒಂದು ಕೂಗು ಹಾಕಿ. ನಾನು ಇದೇ ಬೀದೀಲಿರ್ತೀನಿ.”